ಹಳೆ ಡಯಲ್ ಎಲ್ಲಿ? ಸೆಕೆಂಡ್ ಹ್ಯಾಂಡ್ ವಾಚು ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ

ಸೆಕೆಂಡ್ ಹ್ಯಾಂಡ್ ರೋಲೆಕ್ಸ್ ಇರಲಿ, ಒಮೆಗಾ ಇರಲಿ, ಮಾರುವವರ ಎದುರು ಕೂತಾಗ ನಾನು ಮೊದಲು ಬೆಲೆ ಕೇಳುವುದಿಲ್ಲ. "ಇದರ ಡಯಲ್ ಯಾವಾಗಲಾದರೂ ಬದಲಾಗಿದೆಯಾ? ಬದಲಾಗಿದ್ದರೆ ಹಳೆಯದು ಎಲ್ಲಿದೆ?" ಎಂದು ಕೇಳುತ್ತೇನೆ. ಗೊತ್ತಿರುವವರು ನೇರವಾಗಿ ಹೇಳುತ್ತಾರೆ. ಗೊತ್ತಿಲ್ಲದವರು ಗೊತ್ತಿಲ್ಲ ಅನ್ನುತ್ತಾರೆ. "ಪೂರ್ತಿ ಒರಿಜಿನಲ್, ನೂರಕ್ಕೆ ನೂರು" ಎಂದು ಗಡಿಬಿಡಿಯಲ್ಲಿ ಹೇಳುವವರ ವಾಚನ್ನು ಎರಡು ಸಲ ನೋಡುತ್ತೇನೆ.

ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಸರಾಫ. 23 ವರ್ಷದಿಂದ, ಸಾಲಕ್ಕೆ ಅಡವು ಇಡಲು ಬರುವ ಚಿನ್ನವನ್ನು ಒರೆಗೆ ಹಚ್ಚಿ ನೋಡುವ ಕೆಲಸ. ಅಪ್ಪನೂ ಚಿನ್ನದ ಕೆಲಸದವರೇ. ವಾಚಿನ ಹುಚ್ಚು ನನಗೆ ಹಿಡಿದದ್ದು ಸಂಘದ ಕೌಂಟರಿನಲ್ಲಿ. ಗಲ್ಫಿನಿಂದ ರಜೆಗೆ ಬಂದವರು ಮನೆಯ ಬಳೆ, ಸರ ಬಿಡಿಸಿಕೊಳ್ಳಲು ಬರುತ್ತಿದ್ದರು. ಅವರ ಕೈಯಲ್ಲಿ ರಾಡೊ ಡಯಾಸ್ಟಾರ್, ಒಮೆಗಾ, ಅಪರೂಪಕ್ಕೆ ಒಂದು ರೋಲೆಕ್ಸ್ ಇರುತ್ತಿತ್ತು. ನಾನು ಚಿನ್ನ ತೂಗುತ್ತಾ ವಾಚು ನೋಡುತ್ತಿದ್ದೆ.

ಡಯಲ್ ಬದಲಾದ ವಾಚು ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ನಾನು ದಿನಾ ಕಟ್ಟುವ ವಾಚು ಅಂಥದ್ದೇ. ಆದರೆ ಗೊತ್ತಿದ್ದು ಕೊಳ್ಳಬೇಕು. ಅದಕ್ಕೆ ಸರಿಯಾದ ಬೆಲೆಗೆ ಕೊಳ್ಳಬೇಕು. ನಾಳೆ ಮಾರುವಾಗ ಅದನ್ನು ಹೇಳಿಯೇ ಮಾರಬೇಕು. ನನಗೆ ಇದು ಗೊತ್ತಾಗಲು ಒಂದು ಒಮೆಗಾ ಬೇಕಾಯಿತು.

ಮೊದಲ ಒಮೆಗಾ

2013ರಲ್ಲಿ ಒಂದು ಅಂಗಡಿಯಲ್ಲಿ 1960ರ ದಶಕದ ಒಮೆಗಾ ಸೀಮಾಸ್ಟರ್ ಸಿಕ್ಕಿತು. 58 ಸಾವಿರ ಕೊಟ್ಟೆ. ಡಯಲ್ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು. 50 ವರ್ಷದ ವಾಚಿನಲ್ಲಿ ಒಂದು ಚುಕ್ಕೆ ಕೂಡ ಇಲ್ಲ, ಎಷ್ಟು ಜೋಪಾನ ಮಾಡಿದ್ದಾರೆ ಅಂತ ಸಂತೋಷಪಟ್ಟೆ. ಮೂರು ವಾರ ಕಳೆದ ಮೇಲೆ ಅದು ದಿನಕ್ಕೆ 10 ನಿಮಿಷ ಮುಂದೆ ಓಡತೊಡಗಿತು. ಮಂಗಳೂರಿನ ಬಂದರು ಕಡೆ ಒಬ್ಬರು ಹಿರಿಯ ವಾಚ್ ರಿಪೇರಿಯವರು ಇದ್ದಾರೆ, ನಾವೆಲ್ಲ ಕಾಕ ಎಂದೇ ಕರೆಯುವುದು. ಅವರ ಬಳಿ ಒಯ್ದೆ. ಹಿಂದಿನ ಮುಚ್ಚಳ ತೆಗೆದರು, ಮಷಿನ್ ಹೊರಗೆ ತೆಗೆದರು, ಡಯಲನ್ನು ಬೆಳಕಿಗೆ ಹಿಡಿದರು.

"ಇದು ಬಣ್ಣ ಹೊಡೆದದ್ದು ಆಚಾರ್ರೆ. ಎಷ್ಟು ಕೊಟ್ರಿ?"

ಹೇಳಿದೆ. ಅವರು ಏನೂ ಅನ್ನಲಿಲ್ಲ. ಡಯಲನ್ನು ಒಂದು ಬಿಳಿ ಕಾಗದದ ಮೇಲೆ ಇಟ್ಟು ನನ್ನ ಕಡೆ ತಳ್ಳಿದರು. ನಾನು ಜೇಬಿನಿಂದ ನನ್ನ ಲೂಪ್, ಅಂದರೆ ಸಣ್ಣ ಭೂತಗನ್ನಡಿ ತೆಗೆದೆ, ಚಿನ್ನದ ಮುದ್ರೆ ನೋಡುವ 10 ಪಟ್ಟಿನದು. ನಿಮಿಷದ ಗೆರೆಗಳು ದಪ್ಪ ದಪ್ಪ. ಕೆಲವು ಗೆರೆ ಗಂಟೆಯ ಕಡ್ಡಿಗೆ, ಅಂದರೆ ಅಂಕಿಯ ಬದಲು ಡಯಲಿನಲ್ಲಿ ಕೂರಿಸಿದ ಲೋಹದ ಗುರುತಿಗೆ, ಸರಿಯಾಗಿ ಎದುರಾಗಿಯೇ ಇಲ್ಲ, ಕೂದಲೆಳೆಯಷ್ಟು ಪಕ್ಕಕ್ಕೆ. "ಸೀಮಾಸ್ಟರ್" ಎಂಬ ಅಕ್ಷರಗಳ ಅಂಚಿನಲ್ಲಿ ಶಾಯಿ ಹರಡಿತ್ತು. ಡಯಲಿನ ಅಂಚಿನಲ್ಲಿ, 12ರ ಹತ್ತಿರ, ಅರದಿಂದ ಉಜ್ಜಿದ ಒಂದು ಸಣ್ಣ ಕಚ್ಚು. ಬಣ್ಣ ತೆಗೆದ ಮೇಲೆ ಮೇಲುಗಡೆ ಯಾವುದು ಎಂದು ಗುರುತಿಗೆ ಹಾಗೆ ಮಾಡುತ್ತಾರೆ ಎಂದರು ಕಾಕ. ಇನ್ನೊಂದು ವಿಷಯ ನನಗೆ ಜಾಸ್ತಿ ನೋವು ಕೊಟ್ಟಿತು. ಡಯಲಿನ ಕೆಳಗೆ "ಟಿ ಸ್ವಿಸ್ ಮೇಡ್ ಟಿ" ಎಂದು ಬರೆದಿತ್ತು. ಎರಡು ಕಡೆಯ ಟಿ ಅಂದರೆ ಟ್ರಿಟಿಯಂ, ಕತ್ತಲಲ್ಲಿ ಹೊಳೆಯುವ ಬಣ್ಣ. ಆ ವಾಚಿನ ಡಯಲಿನಲ್ಲಾಗಲಿ ಮುಳ್ಳಿನಲ್ಲಾಗಲಿ ಹೊಳೆಯುವ ಬಣ್ಣವೇ ಇರಲಿಲ್ಲ. ಬರೆದವನು ಬೇರೆ ಯಾವುದೋ ಡಯಲ್ ನೋಡಿ ನಕಲು ಮಾಡಿದ್ದ.

ಕೊಳ್ಳುವ ದಿನವೂ ಆ ಲೂಪ್ ನನ್ನ ಜೇಬಿನಲ್ಲೇ ಇತ್ತು. ತೆಗೆದು ನೋಡಬೇಕು ಎಂದು ಹೊಳೆಯಲಿಲ್ಲ. ಎರಡು ವರ್ಷ ಬಿಟ್ಟು ಅದನ್ನು "ಡಯಲ್ ಬಣ್ಣ ಹೊಡೆದದ್ದು" ಎಂದು ಹೇಳಿಯೇ 27 ಸಾವಿರಕ್ಕೆ ಮಾರಿದೆ. ಕೊಂಡವರಿಗೆ ಈಗಲೂ ಅದು ಇಷ್ಟ. ಗೊತ್ತಿದ್ದೇ ಕೊಂಡರು, ಹಾಗಾಗಿ.

ನಮ್ಮೂರಿನಲ್ಲಿ ಡಯಲ್ ಯಾಕೆ ಹಾಳಾಗುತ್ತದೆ

ಬೇರೆ ಊರಿನವರಿಗಿಂತ ನಮಗೆ ಈ ವಿಷಯ ಜಾಸ್ತಿ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಚಪ್ಪಲಿಗೆ ಬೂಸು ಹಿಡಿಯುತ್ತದೆ, ಹಪ್ಪಳ ಡಬ್ಬದ ಒಳಗೇ ಮೆತ್ತಗಾಗುತ್ತದೆ. ಅದೇ ಗಾಳಿ ವಾಚಿನ ಒಳಗೂ ಹೋಗುತ್ತದೆ. ನೀರು ತಡೆಯುವುದು ಕೀಯ ಹತ್ತಿರ ಮತ್ತು ಹಿಂದಿನ ಮುಚ್ಚಳದಲ್ಲಿ ಇರುವ ರಬ್ಬರ್ ವಾಷರ್. ಹತ್ತು, ಹದಿನೈದು ವರ್ಷದಲ್ಲಿ ಅದು ಗಟ್ಟಿಯಾಗಿ ಸೀಳುತ್ತದೆ. ಗಲ್ಫಿನಿಂದ ಬಂದ ವಾಚು ಕಪಾಟಿನಲ್ಲಿ ಇಪ್ಪತ್ತು ವರ್ಷ ಮಲಗಿರುತ್ತದೆ. ಯಾರೋ ಒಂದು ದಿನ ಕೀ ಎಳೆದು ನೋಡಿ, ತಿರುಗಿಸಿ ಬಿಗಿ ಮಾಡದೆ ಇಟ್ಟಿರುತ್ತಾರೆ. ಒಂದು ಮಳೆಗಾಲ ಸಾಕು. ಡಯಲಿನ ಮೇಲಿನ ತೆಳು ಮೆರುಗಿಗೆ ತೇವ ತಾಗಿದರೆ ಮೊದಲು ಚುಕ್ಕೆ, ಆಮೇಲೆ ಬಿರುಕು, ಆಮೇಲೆ ಪೊರೆ ಏಳುತ್ತದೆ. ಅದಕ್ಕೇ ಕರಾವಳಿಯ ಮನೆಗಳಿಂದ ಬರುವ ಹಳೆ ವಾಚುಗಳಲ್ಲಿ ಡಯಲ್ ಬದಲಾದದ್ದು ನನಗೆ ತುಂಬಾ ಸಿಕ್ಕಿದೆ. ಅದರಲ್ಲಿ ಎಲ್ಲವೂ ಮೋಸ ಅಲ್ಲ. ಬಹಳಷ್ಟು ಸಲ ಮನೆಯ ಯಜಮಾನರೇ ಪ್ರೀತಿಯಿಂದ ಸರಿ ಮಾಡಿಸಿದ್ದು.

ಯಾವ ತರ ಬದಲಾದದ್ದು?

"ಡಯಲ್ ಬದಲಾಗಿದೆ" ಎಂಬ ಮಾತಿಗೆ ಒಂದೇ ಅರ್ಥ ಇಲ್ಲ. ಬೆಲೆ ಇದರ ಮೇಲೆಯೇ ನಿಂತಿದೆ, ಹಾಗಾಗಿ ಸ್ವಲ್ಪ ನಿಧಾನ ಓದಿ.

ಕಂಪನಿಯೇ ಸರ್ವಿಸ್ ಮಾಡುವಾಗ ಹಾಕಿದ ಡಯಲಿಗೆ ಸರ್ವಿಸ್ ಡಯಲ್ ಅನ್ನುತ್ತಾರೆ. ಅದು ಅಸಲಿ. ಆದರೆ ವಾಚಿನ ಜೊತೆ ಹುಟ್ಟಿದ್ದಲ್ಲ. ದಿನಾ ಕಟ್ಟುವವರಿಗೆ ಇದು ಒಳ್ಳೆಯದು, ನಾನು ಧೈರ್ಯವಾಗಿ ಕೊಳ್ಳಿ ಅನ್ನುತ್ತೇನೆ.

ಇನ್ನೊಂದು, ಕಂಪನಿಯದೇ ಡಯಲ್, ಆದರೆ ಬೇರೆ ವಾಚಿನದು. ಬೆಳ್ಳಿ ಬಣ್ಣದ ಡಯಲಿಗಿಂತ ನೀಲಿ ಬೇಗ ಮಾರಾಟವಾಗುತ್ತದೆ ಅಂತ ಯಾರೋ ವ್ಯಾಪಾರದವರು ಬದಲಾಯಿಸಿರುತ್ತಾರೆ. ಇದರಲ್ಲಿ ಡಯಲ್ ಎಲ್ಲಿಂದ ಬಂತು ಎನ್ನುವುದಕ್ಕೆ ಕಾಗದ ಇರುವುದಿಲ್ಲ. ಕಾಕನಂಥವರು ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ.

ಮೂರನೆಯದು ನನ್ನ ಒಮೆಗಾದ ಕಥೆ, ಹಳೆ ಡಯಲನ್ನೇ ಉಜ್ಜಿ ಹೊಸ ಬಣ್ಣ, ಹೊಸ ಅಕ್ಷರ ಹಾಕಿದ್ದು. ರೀ-ಡಯಲ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮುಂಬಯಿ ಎಷ್ಟು ಹೆಸರಾಗಿದೆ ಅಂದರೆ, ಹೊರದೇಶದ ವಾಚು ಸಂಗ್ರಹಿಸುವವರು ಕೂಡ ಕೆಂಪು, ಹಳದಿ, ಗಿಳಿಹಸಿರು ಡಯಲಿನ ಹಳೆ ಎಚ್‌ಎಂಟಿ, ಸೀಕೊ 5, ಫಾವ್ರ್ ಲೂಬಾ ಕಂಡರೆ "ಮುಂಬಯಿ ಸ್ಪೆಷಲ್" ಎಂದೇ ಕರೆಯುತ್ತಾರೆ. ಹಿಂದೆ ರಿಪೇರಿಯವರು ಇದನ್ನು ಮುಚ್ಚುಮರೆ ಇಲ್ಲದೆ ಮಾಡುತ್ತಿದ್ದರು. ಅಜ್ಜನ ವಾಚಿನ ಡಯಲ್ ಕಪ್ಪಾಗಿದೆ, ಬಣ್ಣ ಹೊಡೆಸಿ ಕೊಡಿ ಎಂದು ಮನೆಯವರೇ ಕೇಳುತ್ತಿದ್ದರು. ಅದನ್ನು ಒರಿಜಿನಲ್ ಎಂದು ಮಾರತೊಡಗಿದಾಗ ತೊಂದರೆ ಶುರುವಾಯಿತು.

ಕೊನೆಯದು ಹೊರಗಿನ ಡಯಲ್. ಕಂಪನಿ ಮಾಡಿದ್ದೇ ಅಲ್ಲ. ರೋಲೆಕ್ಸಿನ ಡೇಟ್‌ಜಸ್ಟ್ ಮಾದರಿಗೆ ಹರಳು ಕೂರಿಸಿದ ಡಯಲ್ ಹಾಕಿಸುವುದು ಗಲ್ಫಿನಲ್ಲಿ ಒಂದು ಕಾಲಕ್ಕೆ ತುಂಬಾ ಇತ್ತು. ನೋಡಲು ಭರ್ಜರಿ. ಆದರೆ ಹೊರಗಿನ ಡಯಲ್ ಇರುವ ವಾಚನ್ನು ರೋಲೆಕ್ಸ್ ಸರ್ವಿಸ್ ಸೆಂಟರಿನವರು ಸಾಮಾನ್ಯವಾಗಿ ಹಾಗೆಯೇ ಸರ್ವಿಸ್ ಮಾಡುವುದಿಲ್ಲ, ಮೊದಲು ಡಯಲ್ ಬದಲಾಯಿಸಿ ಅನ್ನುತ್ತಾರೆ. ಆ ಖರ್ಚು ನಿಮ್ಮ ತಲೆಗೆ. ಹರಳಿನ ಬೆಲೆ ಎಂದು ಯಾರಾದರೂ ಜಾಸ್ತಿ ಕೇಳಿದರೆ ಎದ್ದು ಬನ್ನಿ. ಆ ಪುಡಿ ಹರಳುಗಳಿಗೆ ವಾಪಸ್ ಮಾರುವಾಗ ಏನೂ ಸಿಗುವುದಿಲ್ಲ, ಇದನ್ನು ನಾನು ಸರಾಫನಾಗಿಯೇ ಹೇಳುತ್ತಿದ್ದೇನೆ.

ಕಣ್ಣಿನಿಂದ ನೋಡುವ ಕ್ರಮ

ವಾಚನ್ನು ಅಂಗಡಿಯ ಲೈಟಿನ ಕೆಳಗೆ ನೋಡಬೇಡಿ. ಬಾಗಿಲ ಹತ್ತಿರ, ಹಗಲಿನ ಬೆಳಕಿಗೆ ತನ್ನಿ. ಲೂಪ್ ಇಲ್ಲದಿದ್ದರೆ ಒಂದು ಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅಕ್ಷರ ನೋಡಿ. ಕಂಪನಿಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಶಾಯಿ ಸ್ವಲ್ಪ ಉಬ್ಬಿರುತ್ತದೆ. ಆಮೇಲೆ ನಿಮಿಷದ ಗೆರೆ ಗಂಟೆಯ ಕಡ್ಡಿಗೆ ನೇರ ಬರುತ್ತದೆಯಾ ನೋಡಿ. 12ರಿಂದ ಶುರು ಮಾಡಿ 60 ಗೆರೆಯನ್ನೂ ಒಂದು ಸುತ್ತು ನೋಡಿ ಬನ್ನಿ. ಎರಡು ನಿಮಿಷದ ಕೆಲಸ.

ತಾರೀಕಿನ ಕಿಂಡಿಯಲ್ಲಿ ಅಂಕಿ ನಡುವೆ ಕೂತಿದೆಯಾ ನೋಡಿ. ಡಯಲಿನ ಹಿಂದೆ ಎರಡು ಸಣ್ಣ ಕಾಲು ಇರುತ್ತವೆ, ಅವು ಮಷಿನಿನ ತೂತಿಗೆ ಸರಿಯಾಗಿ ಕೂರಬೇಕು. ಬೇರೆ ಮಷಿನಿನ ಡಯಲ್ ಆದರೆ ಕಾಲು ಮುರಿದು ಅಂಟು ಹಾಕಿ ಕೂರಿಸುತ್ತಾರೆ. ಆಗ ತಾರೀಕು ಒಂದು ಬದಿಗೆ ಸರಿಯುತ್ತದೆ. ಇದನ್ನು ಹೊರಗಿನಿಂದ ಊಹಿಸಬಹುದು, ಖಾತ್ರಿ ಬೇಕಾದರೆ ಬಿಚ್ಚಬೇಕು.

ಕಡ್ಡಿಗಳ ಲೋಹ ನನಗೆ ಸುಲಭವಾಗಿ ಕಾಣುತ್ತದೆ. ಸ್ಟೀಲು ಮತ್ತು ಚಿನ್ನ ಸೇರಿದ ವಾಚಿನಲ್ಲಿ ಡಯಲಿನ ಕಡ್ಡಿ, ಮುಳ್ಳು, ರೋಲೆಕ್ಸ್ ಆದರೆ ಅದರ ಕಿರೀಟದ ಗುರುತು ಎಲ್ಲ ಒಂದೇ ಹಳದಿಯಲ್ಲಿ ಇರಬೇಕು. ಮುಳ್ಳು ಹಳದಿ, ಕಡ್ಡಿ ಬಿಳಿ ಎಂದಾದರೆ ಆ ಡಯಲ್ ಎಲ್ಲಿಂದಲೋ ಬಂದದ್ದು.

"ರೇಡಿಯಂ" ಪರೀಕ್ಷೆ

ನಮ್ಮ ಕಡೆ ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ರೇಡಿಯಂ ಅನ್ನುತ್ತೇವೆ, ಬೈಕಿನ ಸ್ಟಿಕ್ಕರಿಗೂ ಕೂಡ. ವಾಚಿನಲ್ಲಿ ಆ ಬಣ್ಣ ಮೂರು ಕಾಲದಲ್ಲಿ ಮೂರು ತರ ಇತ್ತು. ಡಯಲಿನ ವಯಸ್ಸು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

1960ರ ದಶಕದ ಮೊದಲ ವರ್ಷಗಳ ತನಕ ನಿಜವಾಗಿಯೂ ರೇಡಿಯಂ ಹಾಕುತ್ತಿದ್ದರು. ಆಮೇಲೆ ಟ್ರಿಟಿಯಂ ಬಂತು, 1990ರ ದಶಕದ ಕೊನೆಯ ತನಕ ಇತ್ತು. 1998ರ ಸುಮಾರಿಗೆ ರೋಲೆಕ್ಸಿಗೆ ಲುಮಿನೋವಾ ಬಂತು, ಅದರ ಹಿಂದೆಯೇ ಸೂಪರ್ ಲುಮಿನೋವಾ. ಇವೆರಡರಲ್ಲಿ ವಿಕಿರಣ ಇಲ್ಲ. ಬೆಳಕು ಕುಡಿದು ಹೊಳೆಯುತ್ತವೆ.

ಟ್ರಿಟಿಯಂನ ಶಕ್ತಿ ಸುಮಾರು 12.3 ವರ್ಷಕ್ಕೆ ಅರ್ಧವಾಗುತ್ತದೆ. ಹಾಗಾದರೆ 40 ವರ್ಷ ಹಳೆಯ ಡಯಲಿನಲ್ಲಿ ಹತ್ತರಲ್ಲಿ ಒಂದು ಪಾಲು ಉಳಿದಿರುತ್ತದೆ. ಕತ್ತಲಲ್ಲಿ ಇಟ್ಟರೆ ಹೊಳೆಯುವುದೇ ಇಲ್ಲ ಅನ್ನಬಹುದು. ಆದ್ದರಿಂದ ಒಂದು ಕೆಲಸ ಮಾಡಿ. ಮೊಬೈಲಿನ ಟಾರ್ಚನ್ನು ಡಯಲಿನ ಮೇಲೆ ಅರ್ಧ ನಿಮಿಷ ಹಿಡಿಯಿರಿ. ಆಮೇಲೆ ಕತ್ತಲೆ ಕೋಣೆಗೆ ಹೋಗಿ. 1980ರ ದಶಕದ ವಾಚು ಅಲ್ಲಿ ಹಸಿರಾಗಿ ಹೊಳೆಯುತ್ತಾ ಹತ್ತು ನಿಮಿಷ ನಿಂತರೆ, ಆ ಬಣ್ಣ ಆಮೇಲಿನದು. ಡಯಲ್ ಹೊಳೆದು ಮುಳ್ಳು ಹೊಳೆಯದಿದ್ದರೆ ಒಂದು ಮಾತ್ರ ಬದಲಾಗಿದೆ. ನಾನು ಸಂಘದಲ್ಲಿ ಖೋಟಾ ನೋಟು ನೋಡುವ ನೀಲಿ ಲೈಟಿನ ಕೆಳಗೆ ಕೂಡ ಹಿಡಿದು ನೋಡುತ್ತೇನೆ. ಹಳೆ ಟ್ರಿಟಿಯಂ ಲೈಟು ಇರುವಾಗ ಸ್ವಲ್ಪ ಹೊಳೆಯಬಹುದು, ಲೈಟು ತೆಗೆದ ಕೂಡಲೇ ಆರುತ್ತದೆ.

ಇದರ ಜೊತೆ ಡಯಲಿನ ತೀರಾ ಕೆಳಗೆ, 6ರ ಅಡಿಯಲ್ಲಿ ಇರುವ ಪುಟ್ಟ ಅಕ್ಷರ ಓದಿ. "ಟಿ ಸ್ವಿಸ್ ಟಿ" ಅಥವಾ "ಟಿ ಸ್ವಿಸ್ ಮೇಡ್ ಟಿ" ಇದ್ದರೆ ಟ್ರಿಟಿಯಂ ಕಾಲದ್ದು. ಹೊಳೆಯುವ ಬಣ್ಣ ಇದ್ದು, ಟಿ ಇಲ್ಲದೆ "ಸ್ವಿಸ್ ಮೇಡ್" ಮಾತ್ರ ಇದ್ದು, ವಾಚಿನ ನಂಬರ್ 1980ರ ದಶಕ ಹೇಳಿದರೆ ಅದು ಸರ್ವಿಸ್ ಡಯಲ್ ಇರಬಹುದು. ಹೊಳೆಯುವ ಬಣ್ಣವೇ ಇಲ್ಲದ ಡಯಲುಗಳೂ ಆಗ ಬರುತ್ತಿದ್ದವು, ಅವುಗಳಲ್ಲಿ ಟಿ ಇಲ್ಲದಿರುವುದು ಸರಿಯೇ. ಹಾಗಾಗಿ ಅಕ್ಷರವನ್ನೂ ಬಣ್ಣವನ್ನೂ ಜೊತೆಗೇ ನೋಡಬೇಕು.

ಒಂದು ಎಚ್ಚರಿಕೆ. 1960ಕ್ಕಿಂತ ಹಿಂದಿನ ವಾಚಿನ ಡಯಲಿನಲ್ಲಿ ಕಂದು ಬಣ್ಣದ ಒಣಗಿದ ಪುಡಿ ಕಂಡರೆ ಮನೆಯಲ್ಲಿ ಬಿಚ್ಚಬೇಡಿ, ಕೆರೆಯಬೇಡಿ. ರೇಡಿಯಂ ಅರ್ಧವಾಗಲು 1600 ವರ್ಷ ಬೇಕು. ಹೊಳಪು ಹೋಗಿರುತ್ತದೆ, ವಿಷ ಹೋಗಿರುವುದಿಲ್ಲ. ಆ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು. ಮಕ್ಕಳ ಕೈಗಂತೂ ಕೊಡಲೇಬೇಡಿ.

ಡಯಲಿಗೇ ಬೆಲೆ ಇರುವ ವಾಚುಗಳು

ಕೆಲವು ವಾಚುಗಳಲ್ಲಿ ಡಯಲ್ ಹೋದರೆ ಬೆಲೆಯೇ ಹೋಯಿತು. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಅದು ಅವರದೇ ವಾಚು, ಹಾಗಾಗಿ ಅಷ್ಟು ಬೆಲೆ ಬಂತು. ಆದರೆ ಅದೇ ಮಾದರಿಯಲ್ಲಿ ಅವರ ವಾಚಿನಲ್ಲಿದ್ದಂಥ ವಿಶೇಷ ಡಯಲ್ ಇರುವುದಕ್ಕೂ ಸಾದಾ ಡಯಲ್ ಇರುವುದಕ್ಕೂ ಬೆಲೆಯಲ್ಲಿ ಭೂಮಿ ಆಕಾಶದ ಅಂತರ ಇದೆ. ಸಹಜವಾಗಿ, ಅಂಥ ಡಯಲ್ ನಕಲಿ ಮಾಡುವವರೂ ಇದ್ದಾರೆ.

ನಮ್ಮ ಜನಕ್ಕೆ ಹತ್ತಿರದ್ದು ಗಲ್ಫಿನ ಲಾಂಛನದ ಡಯಲ್. ಒಮಾನ್ ಸುಲ್ತಾನರು ಉಡುಗೊರೆ ಕೊಡಲು ಮಾಡಿಸಿದ ವಾಚುಗಳ ಡಯಲಿನಲ್ಲಿ ಖಂಜರ್, ಅಂದರೆ ಬಾಗಿದ ಕತ್ತಿಯ ಗುರುತು ಇರುತ್ತದೆ. ಎಮಿರೇಟ್ಸಿನದರಲ್ಲಿ ಗಿಡುಗ. ಮಸ್ಕತ್ತಿನಲ್ಲಿ ದೊಡ್ಡವರ ಹತ್ತಿರ ಕೆಲಸಕ್ಕಿದ್ದವರ ಮನೆಯಲ್ಲಿ ಅಂಥದ್ದೊಂದು ಇದ್ದರೆ, ಎಷ್ಟೇ ಚುಕ್ಕೆ ಬಿದ್ದಿರಲಿ, ಡಯಲ್ ಮುಟ್ಟಿಸಬೇಡಿ ಎಂದು ಕೈ ಮುಗಿದು ಹೇಳುತ್ತೇನೆ. ಆ ಗುರುತು ಹೋದರೆ ಉಳಿಯುವುದು ಸಾದಾ ವಾಚು. ಕೊಳ್ಳುವವರಿಗೆ ಇದೇ ಮಾತು ಉಲ್ಟಾ. ಖಂಜರ್ ಕಂಡ ಕೂಡಲೇ ಹಿಗ್ಗಬೇಡಿ. ಸಾದಾ ಡಯಲಿನ ಮೇಲೆ ಗುರುತು ಅಚ್ಚು ಹಾಕಿ ಮಾರುವುದೂ ಉಂಟು.

ದೊಡ್ಡವರೂ ಮೋಸ ಹೋಗುತ್ತಾರೆ. 2021ರ ನವೆಂಬರ್‌ನಲ್ಲಿ ಜಿನೀವಾ ಹರಾಜಿನಲ್ಲಿ 1957ರದ್ದು ಎಂದು ಬಂದ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಜಾಸ್ತಿಗೆ ಮಾರಾಟವಾಯಿತು. ಕಪ್ಪು ಡಯಲ್ ಕಾಲ ಕಳೆದು ಕಂದು ಬಣ್ಣಕ್ಕೆ ತಿರುಗಿದ್ದು, ಅಂಥದ್ದಕ್ಕೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗೆ. 2023ರಲ್ಲಿ ಕಂಪನಿಯೇ ಹೇಳಿತು, ಅದು ಬೇರೆ ಬೇರೆ ವಾಚಿನ ಭಾಗ ಸೇರಿಸಿ ಕಟ್ಟಿದ್ದು, ಕಂಪನಿಯಲ್ಲೇ ಕೆಲಸ ಮಾಡಿದ್ದ ಮೂವರು ಇದರಲ್ಲಿ ಇದ್ದರು ಎಂದು. ಇದನ್ನು ಓದಿದ ದಿನ ನನ್ನ 58 ಸಾವಿರದ ನೋವು ಸ್ವಲ್ಪ ಇಳಿಯಿತು.

ಶಿರ್ವದ ಡೇಟ್‌ಜಸ್ಟ್

2022ರಲ್ಲಿ ಸಂಘದ ಒಬ್ಬ ಸದಸ್ಯರು ಶಿರ್ವದ ಒಂದು ಮನೆಗೆ ಕರೆದುಕೊಂಡು ಹೋದರು. ಮನೆಯ ಯಜಮಾನಿಗೆ, ನಾವು ಬಾಯಿ ಎಂದು ಕರೆಯುವುದು, 70 ದಾಟಿತ್ತು. ಗಂಡ ತೀರಿಹೋಗಿ ಎರಡು ವರ್ಷ. ಗಂಡ ಮೊದಲು ಕುವೈತಿನಲ್ಲಿ ಇದ್ದರು. 1990ರ ಆಗಸ್ಟ್‌ನಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಒಂದು ಬ್ಯಾಗು ಮತ್ತು ಕೈಯಲ್ಲಿದ್ದ ಈ ವಾಚಿನ ಜೊತೆ ಊರಿಗೆ ಬಂದರಂತೆ. ಆಮೇಲೆ ದುಬೈಗೆ ಹೋದರು.

ವಾಚು ರೋಲೆಕ್ಸ್ ಡೇಟ್‌ಜಸ್ಟ್, ಮಾದರಿ ನಂಬರ್ 16013. ಸ್ಟೀಲು ಮತ್ತು ಹಳದಿ ಚಿನ್ನ. ಆ ಕಾಲದ ರೋಲೆಕ್ಸಿನಲ್ಲಿ ನಂಬರ್ ಚೈನ್ ಸೇರುವ ಜಾಗದಲ್ಲಿ ಕೇಸಿನ ಮೇಲೆ ಕೊರೆದಿರುತ್ತದೆ, 12ರ ಕಡೆ ಮಾದರಿಯದು, 6ರ ಕಡೆ ವಾಚಿನ ಸ್ವಂತ ನಂಬರ್. ಚೈನ್ ಬಿಡಿಸಿ ನೋಡಿದೆ. ನಂಬರ್ 1980ರ ದಶಕದ ನಡುವಿನದು. ಕಿಟಕಿಯ ಹತ್ತಿರ ಡಯಲ್ ನೋಡಿದೆ. ತಿಳಿ ಚಿನ್ನದ ಬಣ್ಣ, ಒಂದು ಕಲೆ ಇಲ್ಲ. ಅಕ್ಷರ ಚೂಪು. ಕೆಳಗೆ "ಸ್ವಿಸ್ ಮೇಡ್" ಮಾತ್ರ. ಅವರ ದೇವರ ಕೋಣೆ ಸ್ವಲ್ಪ ಕತ್ತಲು, ಅಲ್ಲಿ ಟಾರ್ಚ್ ಹಿಡಿದು ನೋಡಿದೆ. ಕಡ್ಡಿಗಳ ತುದಿಯ ಚುಕ್ಕೆಗಳೂ ಮುಳ್ಳೂ ಒಂದೇ ಹಸಿರಿನಲ್ಲಿ ಹೊಳೆದವು.

"ಬಾಯಿ, ಇದರ ಡಯಲ್ ಬದಲಾಯಿಸಿದ್ದುಂಟಾ?"

"ನನಗೆ ಅದೆಲ್ಲ ಗೊತ್ತಿಲ್ಲ ಆಚಾರ್ರೆ. ಒಮ್ಮೆ ಆಟಿಯಲ್ಲಿ, ಜೋರು ಮಳೆಯ ತಿಂಗಳು, ರಜೆಗೆ ಬಂದಾಗ ಒಳಗೆ ನೀರು ಹೋಗಿತ್ತು. ಇವರಿಗೆ ಎರಡು ದಿನ ಊಟ ಸೇರಲಿಲ್ಲ. ಅಲ್ಲಿಗೆ ವಾಪಸ್ ಹೋದ ಮೇಲೆ ಸರಿ ಮಾಡಿಸಿದರು."

ಕಾಗದ ಏನಾದರೂ ಉಂಟಾ ಎಂದು ಕೇಳಿದೆ. ಹಳೆ ಪಾಸ್‌ಪೋರ್ಟ್‌ಗಳ ಫೈಲಿನಲ್ಲಿ ಇತ್ತು. 2004ರ ಸರ್ವಿಸ್ ಬಿಲ್ಲು. ವಾಚಿನ ನಂಬರ್, ಬದಲಾಯಿಸಿದ ಭಾಗಗಳು: ಡಯಲ್, ಮುಳ್ಳು, ವಾಷರ್, ಗ್ಲಾಸ್. ಹಳೆ ಡಯಲ್ ಅವರ ಹತ್ತಿರ ಇರಲಿಲ್ಲ. ಹೊಸದು ಹಾಕಿದರೆ ಹಳೆಯದನ್ನು ಸರ್ವಿಸಿನವರೇ ಇಟ್ಟುಕೊಳ್ಳುವುದು ಉಂಟು. ಆ ಬಿಲ್ಲು ಸಿಕ್ಕಿದ್ದರಿಂದ ನನಗೆ ಬೇಕಾದದ್ದು ಸಿಕ್ಕಿತು. ಯಾವಾಗ, ಎಲ್ಲಿ, ಯಾಕೆ ಬದಲಾಯಿತು ಎಲ್ಲ ಅದರಲ್ಲೇ ಇದೆ.

ಬಾಯಿ ಇನ್ನೊಂದು ವಿಷಯ ಹೇಳಿದರು. ನನಗಿಂತ ಮುಂಚೆ ಬಂದ ಒಬ್ಬ ವ್ಯಾಪಾರದವರು "ಡಯಲ್ ಡುಪ್ಲಿಕೇಟ್, 1 ಲಕ್ಷದ 40 ಸಾವಿರ ಕೊಡುತ್ತೇನೆ" ಅಂದಿದ್ದರಂತೆ. ನನಗೆ ಸಿಟ್ಟು ಬಂತು. ಸರ್ವಿಸ್ ಡಯಲನ್ನು ಡುಪ್ಲಿಕೇಟ್ ಎಂದು ಹೇಳಿ ಗಂಡ ತೀರಿಹೋದ ಹೆಂಗಸಿನಿಂದ ಕಡಿಮೆಗೆ ಹೊಡೆಯುವುದು, ಬಣ್ಣ ಹೊಡೆದದ್ದನ್ನು ಒರಿಜಿನಲ್ ಎಂದು ಮಾರುವಷ್ಟೇ ತಪ್ಪು. ಡಯಲ್ ಬದಲಾದ ವಾಚು ಮಾರುವವರೂ ಇದನ್ನು ತಿಳಿದಿರಿ.

ಜೊತೆಗೇ ಹುಟ್ಟಿದ ಡಯಲ್ ಇದ್ದ ಅಂಥ ವಾಚಿಗೆ ಆಗ ನಾನು ಕಂಡ ಬೆಲೆ 3 ಲಕ್ಷದ 70 ಸಾವಿರದ ಹತ್ತಿರ. ನಾನು 3 ಲಕ್ಷದ 10 ಸಾವಿರ ಹೇಳಿದೆ, ಯಾಕೆ ಅಷ್ಟು ಎಂದು ಬಿಲ್ಲು ತೋರಿಸಿಯೇ ಹೇಳಿದೆ. ಮಗಳ ಜೊತೆ ಫೋನಿನಲ್ಲಿ ಮಾತಾಡಿ ಒಪ್ಪಿದರು. ನನ್ನ ಸ್ವಂತ ಲೆಕ್ಕ ಇಷ್ಟು: ಸಾದಾ ಮಾದರಿ, ಸರ್ವಿಸ್ ಡಯಲ್, ಕಾಗದ ಇದೆ ಎಂದಾದರೆ ಆರರಲ್ಲಿ ಒಂದು ಪಾಲು ಕಡಿಮೆ. ಕಾಗದ ಇಲ್ಲ ಎಂದಾದರೆ ಇನ್ನೂ ಕಡಿಮೆ. ಬಣ್ಣ ಹೊಡೆದದ್ದಾದರೆ ಅರ್ಧಕ್ಕಿಂತ ಜಾಸ್ತಿ ಕೊಡುವುದಿಲ್ಲ. ಹಳೆಯ ಡೇಟೋನಾ, ಸಬ್‌ಮರೀನರ್ ತರದವುಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಸರ್ವಿಸ್ ಡಯಲಿಗೂ ಬೆಲೆ ತುಂಬಾ ಬೀಳುತ್ತದೆ. ಒಂದು ಮಾತು, ಚಿನ್ನದ ತೂಕ ಹಿಡಿದು ವಾಚಿಗೆ ಬೆಲೆ ಕಟ್ಟಬೇಡಿ. ಸ್ಟೀಲು ಸೇರಿದ ವಾಚಿನಲ್ಲಿ ಚಿನ್ನ ನೀವು ಎಣಿಸಿದಷ್ಟು ಇರುವುದಿಲ್ಲ.

ದುಡ್ಡು, ಕಾಗದ

2 ಲಕ್ಷ ಅಥವಾ ಜಾಸ್ತಿ ಆದರೆ ನಗದು ಬೇಡ. ಅಷ್ಟು ನಗದು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಬ್ಯಾಂಕಿನಿಂದ ಕಳಿಸಿ. 2025ರ ಏಪ್ರಿಲ್ 22ರಿಂದ 10 ಲಕ್ಷಕ್ಕಿಂತ ಜಾಸ್ತಿ ಬೆಲೆಯ ವಾಚಿನ ಮೇಲೆ ದೊಡ್ಡ ವ್ಯಾಪಾರದವರು 1% ತೆರಿಗೆ ಹಿಡಿಯುತ್ತಾರೆ, ಅದು ನಿಮ್ಮ ಆದಾಯ ತೆರಿಗೆಗೆ ಜಮೆ ಆಗುತ್ತದೆ. ಮನೆಯವರಿಂದ ಕೊಳ್ಳುವಾಗ ಒಂದು ಕಾಗದ ಬರೆಸಿಕೊಳ್ಳಿ. ವಾಚಿನ ನಂಬರ್, ಯಾರ ವಾಚು, ಈಗ ಮಾರುವವರು ಯಾರು, ಮತ್ತು "ಡಯಲ್ 2004ರಲ್ಲಿ ಬದಲಾಗಿದೆ, ಕೊಳ್ಳುವವರಿಗೆ ತಿಳಿಸಲಾಗಿದೆ" ಎಂಬ ಒಂದು ಸಾಲು. ಅಂಗಡಿಯಾದರೆ ಈ ಸಾಲನ್ನು ಬಿಲ್ಲಿನಲ್ಲೇ ಕೇಳಿ. ಒರಿಜಿನಲ್ ಡಯಲ್ ಎಂದು ಬಾಯಲ್ಲಿ ಹೇಳುವವರು ಬಿಲ್ಲಿನಲ್ಲಿ ಬರೆಯಲು ಒಪ್ಪದಿದ್ದರೆ ಅಲ್ಲಿಗೆ ವ್ಯವಹಾರ ಬಿಡಿ.

ದೂರದ ಊರಿನವರಿಂದ ಕೊಳ್ಳುವುದಾದರೆ ನಾಲ್ಕು ಫೋಟೋ ಕೇಳಿ: ಹಗಲಿನ ಬೆಳಕಿನಲ್ಲಿ ಡಯಲ್, 6ರ ಕೆಳಗಿನ ಅಕ್ಷರ ಹತ್ತಿರದಿಂದ, ಟಾರ್ಚ್ ಹಿಡಿದ ಮೇಲೆ ಕತ್ತಲಲ್ಲಿ, ಮತ್ತು ಮುಚ್ಚಳ ತೆಗೆದ ಮಷಿನ್. ಆಮೇಲೆ ಪಾರ್ಸೆಲ್ ಬಂದ ಮೇಲೆ ಬಿಚ್ಚಿಸಿ ನೋಡಲು ಒಂದು ವಾರ ಅವಕಾಶ ಕೇಳಿ. ಬಿಚ್ಚಿಸುವ ಖರ್ಚನ್ನು ವಾಚಿನ ಬೆಲೆಯ ಭಾಗ ಎಂದೇ ತಿಳಿಯಿರಿ. ಆ ಡೇಟ್‌ಜಸ್ಟನ್ನೂ ಕಾಕನ ಬಳಿ ಬಿಚ್ಚಿಸಿದೆ, ಬಿಲ್ಲು ಕೈಯಲ್ಲಿ ಇದ್ದರೂ. ಅವರು ಡಯಲಿನ ಹಿಂದೆ ನೋಡಿ, ಎರಡು ಕಾಲೂ ಗಟ್ಟಿ ಉಂಟು, ಅಂಟು ಇಲ್ಲ ಅಂದರು. "ಇದು ಕಟ್ಟಿಕೊಳ್ಳಿ, ಚಿಂತೆ ಮಾಡಬೇಡಿ."

ಕೊಂಡ ಮೇಲೆ

ಪ್ರತಿ ವರ್ಷ ಮೇ ಕೊನೆಯ ವಾರ ವಾಚು ಕಾಕನ ಬಳಿಗೆ ಹೋಗುತ್ತದೆ. ವಾಷರ್ ನೋಡುತ್ತಾರೆ. ನೀರು ಬಿಡದೆ ಗಾಳಿಯ ಒತ್ತಡದಲ್ಲೇ ಪರೀಕ್ಷೆ ಮಾಡುವ ಯಂತ್ರ ಒಂದು ಸರ್ವಿಸ್ ಅಂಗಡಿಯಲ್ಲಿ ಇದೆ, ಅಲ್ಲಿಗೂ ಕಳಿಸುತ್ತಾರೆ. ಹಳೆ ವಾಚಿನ ಮೇಲೆ ಎಷ್ಟು ಮೀಟರ್ ಬರೆದಿದ್ದರೂ ಮಲ್ಪೆಯ ಸಮುದ್ರಕ್ಕೆ ಇಳಿಸುವುದಿಲ್ಲ. ಕಟ್ಟದ ದಿನ ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಎಸಿ ಕೋಣೆಯಿಂದ ಹೊರಗೆ ಬಂದಾಗ ಗ್ಲಾಸಿನ ಒಳಗೆ ಮಂಜು ಕಂಡರೆ ಅಕ್ಕಿಯಲ್ಲಿ ಹೂತಿಡುವುದು, ಬಿಸಿಲಿಗೆ ಇಡುವುದು ಯಾವುದೂ ಬೇಡ. ಅವತ್ತೇ ಬಿಚ್ಚಿಸಿ ಒಣಗಿಸಬೇಕು. ನಾಳೆ ಎಂದರೆ ಡಯಲಿಗೆ ಚುಕ್ಕೆ.

ಇಷ್ಟಾದರೂ ಡಯಲ್ ಹಾಳಾಗಿ ಬದಲಾಯಿಸಲೇಬೇಕಾಗಿ ಬಂದರೆ, ವಾಚನ್ನು ಕೌಂಟರಿನ ಆಚೆ ಕೊಡುವ ಮುಂಚೆ ಅವರ ಚೀಟಿಯಲ್ಲಿ ಒಂದು ಸಾಲು ಬರೆಸಿ: "ಹಳೆ ಡಯಲ್ ಮತ್ತು ಮುಳ್ಳು ವಾಪಸ್ ಕೊಡಬೇಕು." ಕೊಡುವುದಿಲ್ಲ ಎಂದರೆ ಕಾರಣ ಕೇಳಿ, ಮನೆಗೆ ಬಂದು ಒಂದು ದಿನ ಯೋಚಿಸಿ, ಆಮೇಲೆ ನಿರ್ಧಾರ ಮಾಡಿ. ಕೊಟ್ಟರೆ ಒಂದು ಸಣ್ಣ ಜಿಪ್ ಕವರಿನಲ್ಲಿ ಹಾಕಿ, ಬಿಲ್ಲಿನ ಜೊತೆ ಪಿನ್ ಹೊಡೆದು, ಮನೆಯ ಪತ್ರಗಳ ಫೈಲಿನಲ್ಲಿ ಇಡಿ. ಇಟ್ಟ ಜಾಗವನ್ನು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿ.